ಕೂದಲೆಳೆ ಸಾಹೇಬರ ಹಿತ್ತಾಳೆ ಹಿಡಿಗಳು

ನೀರಿನ ಬಿಲ್ಲಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರನ್ನು ಬೀದಿಯವರೆಲ್ಲ ಕೂದಲೆಳೆ ಸಾಹೇಬರು ಎನ್ನುತ್ತಿದ್ದರು. ಎದುರಿಗಲ್ಲ, ಎದುರಿಗೆ ಹಾಗೆಂದರೆ ಯಾವ ಕೂದಲು, ಎಷ್ಟು ದಪ್ಪ ಎಂದು ವಿಚಾರಣೆ ಶುರುವಾಗುತ್ತಿತ್ತು. ಮುಚ್ಚಿಹೋದ ಕಾರ್ಖಾನೆಯೊಂದರಿಂದ ಲೋಹ ಕಡೆಯುವ ಹಳೆಯ ಲೇತ್ ಯಂತ್ರವನ್ನು ತಂದು, ಬಚ್ಚಲಮನೆಯ ಪಕ್ಕದ ಕೋಣೆಯಲ್ಲಿ ಪ್ರತಿಷ್ಠಾಪನೆ ಮಾಡಿದ್ದರು. ಅಲ್ಲಿದ್ದ ವಾಷಿಂಗ್ ಮೆಷಿನ್ ನಡುಮನೆಗೆ ವಲಸೆ ಬಂತು. ನೆಂಟರಿಗೆ ಅದರ ಮೇಲೇ ಕಾಫಿ. ರಜೆ ಬಂತೆಂದರೆ ಸಾಹೇಬರು ಕೋಣೆ ಸೇರಿ ಹಿತ್ತಾಳೆ ಕಡೆಯುವರು: ತಿರುಗದ ಬುಗುರಿ, ಯಾವ ಬಾಗಿಲಿಗೂ ಸೇರದ ಚಿಲಕ. ಮನೆಯವರು ಕಾಲಿಟ್ಟಲ್ಲೆಲ್ಲ ಹಿತ್ತಾಳೆಯ ಸುರುಳಿ ಚುಚ್ಚುತ್ತಿತ್ತು.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. "ಇಷ್ಟೆಲ್ಲ ಸದ್ದು ಮಾಡ್ತೀರಲ್ಲ ರೀ, ನಾಲ್ಕು ಜನಕ್ಕೆ ಬೇಕಾಗೋದನ್ನ ಮಾಡಬಾರದೇ?" ಎಂದು, ಪ್ಯಾಂಟು ಹೊಲಿಸಲು ಬಂದಿದ್ದ ಬಡಗಿಯನ್ನು ಗಂಡನ ಮುಂದೆ ನಿಲ್ಲಿಸಿದರು. ಬಡಗಿಗೆ ಡ್ರಾಯರುಗಳಿಗೆ ಹಾಕಲು ಹಿತ್ತಾಳೆಯ ಹಿಡಿ ಬೇಕಿತ್ತು. ದುಂಡು ತಲೆ, ಹಲಗೆಯ ತೂತಿನಲ್ಲಿ ಬಿಗಿಯಾಗಿ ಕೂರುವ ತೊಟ್ಟು. ಅಷ್ಟೇ.

'ಅಷ್ಟೇ' ಎಂಬ ಪದ ಸಾಹೇಬರ ನಿಘಂಟಿನಲ್ಲಿರಲಿಲ್ಲ. ಮರುದಿನದಿಂದಲೇ ಕಚೇರಿಯಲ್ಲಿ "ನಮ್ಮ ಇಂಡಸ್ಟ್ರಿ" ಎಂದು ಮಾತು ಶುರುವಿಟ್ಟರು. ತೊಟ್ಟಿನ ಅಳತೆಯನ್ನು ದಪ್ಪ ಪುಸ್ತಕವೊಂದರಿಂದ ಆರಿಸಿಕೊಂಡರು. ಬಡಗಿಯನ್ನು ಕೇಳುವುದೇ? ಛೆ, ಅವನೇನು ಪುಸ್ತಕವೇ! ಕಡೆದದ್ದನ್ನು ಮೈಕ್ರೋಮೀಟರಿನ ದವಡೆಗೆ ಸಿಕ್ಕಿಸಿ ಅಳೆದು, "ಇರಲಿ, ಇನ್ನೊಂದು ಸುತ್ತು" ಎಂದು ಕೆರೆದು, ಮತ್ತೆ ಅಳೆದು, "ಅಯ್ಯೋ, ಕೂದಲೆಳೆಯಷ್ಟು ಸಣ್ಣ ಆಯ್ತು" ಎಂದು ಡಬ್ಬಕ್ಕೆ ಎಸೆಯುವರು. ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಕಲ್ಲು ಸಿಗದೆ ಇರುತ್ತದೆಯೇ? ಡಬ್ಬ ತುಂಬಿತು. ಅಲೆದಲೆದು ಬಡಗಿಯ ಚಪ್ಪಲಿ ಸವೆಯಿತು. ಪಾಸಾದ ಹಿಡಿಗಳು ಮಾತ್ರ ಒಂದು ಬೊಗಸೆಯೂ ಆಗಲಿಲ್ಲ.

ಒಂದು ದಿನ, ಸಾಹೇಬರು ಕಚೇರಿಯಲ್ಲಿದ್ದಾಗ, ಹೆಂಡತಿ ಆ ಡಬ್ಬವನ್ನೇ ಬಡಗಿಯ ಚೀಲಕ್ಕೆ ಸುರಿದರು.

"ಅಕ್ಕಾ, ಬಂಗಾರದ ಹಾಗಿದೆ! ಇಷ್ಟು ದಿನ ಯಾಕೆ ಇಟ್ಕೊಂಡಿದ್ರಿ?"

"ಹಣ್ಣಾಗಲಿ ಅಂತ ಇಟ್ಟಿದ್ವಪ್ಪ."

ಡಬ್ಬ ಮತ್ತೆ ತುಂಬಿತು, ಮತ್ತೆ ಖಾಲಿಯಾಯಿತು. ಕೂದಲೆಳೆಯನ್ನು ಕಾಣುವ ಕಣ್ಣಿಗೆ ಖಾಲಿ ಡಬ್ಬ ಕಾಣಲಿಲ್ಲ.

ಅಷ್ಟರಲ್ಲಿ ಕಚೇರಿಯ ಮೇಲಧಿಕಾರಿ ಹೊಸ ಬೀರು ಮಾಡಿಸಿದ್ದರು. "ಬಂದು ನೋಡಿ, ಹಿಡಿಗಳೇ ಅದರ ಕಳೆ" ಎಂದು ಸಾಹೇಬರನ್ನು ಮನೆಗೆ ಕರೆದರು. ಸಾಹೇಬರು ಹಿಡಿ ಮುಟ್ಟಿದರು. ತಾಯಿಗೆ ಮಗುವಿನ ಗುರುತು ಸಿಗುವ ಹಾಗೆ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ "ನಾನೇ ಮಾಡಿದ್ದು ಸಾರ್" ಎಂದು ಮೀಸೆ ತಿರುವುತ್ತಿದ್ದರು. ಇವರು "ಸಾರ್, ಇವೆಲ್ಲ ರಿಜೆಕ್ಟು!" ಎಂದು ಕೂಗಿದರು. ಡ್ರಾಯರು ಎಳೆದು ತೋರಿಸುತ್ತಿದ್ದ ಮೇಲಧಿಕಾರಿ ಚೇಳು ಕಂಡವರಂತೆ ಕೈ ಹಿಂದೆಗೆದುಕೊಂಡರು.

ಮನೆಗೆ ಬಂದವರೇ ಹೆಂಡತಿಯ ಮೇಲೆ ಹರಿಹಾಯ್ದರು. "ನನ್ನ ಮಾನ ಬೀದಿಪಾಲು ಮಾಡಿದೆ!"

ಆಕೆ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು: "ಅಲ್ಲ ರೀ, ಡ್ರಾಯರು ಎಳೆಯೋರು ಕೈಯಲ್ಲಿ ಎಳೀತಾರೋ, ಮೈಕ್ರೋಮೀಟರಲ್ಲಿ ಎಳೀತಾರೋ?"

ಮುಂದಿನ ಭಾನುವಾರ ಸಾಹೇಬರು ಪಾಸಾದ ಹಿಡಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮೇಲಧಿಕಾರಿಯ ಮನೆಗೆ ಪಾಪ ತೊಳೆದುಕೊಳ್ಳಲು ಹೋದರು. ಹಳೆಯ ಹಿಡಿ ಕಿತ್ತು ಹೊಸದನ್ನು ಒತ್ತಿದರು. ಹೋಗಲಿಲ್ಲ. ಸುತ್ತಿಗೆ ಕೇಳಿ ತೆಗೆದುಕೊಂಡು ಮೆಲ್ಲಗೆ ತಟ್ಟಿದರು. ಆಮೇಲೆ ಅಷ್ಟೇನೂ ಮೆಲ್ಲಗಲ್ಲ. ಡ್ರಾಯರಿನ ಹಲಗೆ ಚಟ್ ಎಂದು ಎರಡು ಹೋಳಾಯಿತು.

"ಚೆನ್ನಾಗೇ ಇತ್ತಲ್ಲ?" ಎಂದರು ಮೇಲಧಿಕಾರಿಯ ಹೆಂಡತಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಡಗಿಗೆ ಕರೆ ಹೋಯಿತು. ಅವನು ಬಂದು ಹೋಳುಗಳನ್ನು ನೋಡಿದ, ಸಾಹೇಬರ ಕೈಯಲ್ಲಿದ್ದ ಅಪ್ಪಟ ಹಿಡಿಯನ್ನೂ ನೋಡಿದ. "ಸಾರ್, ಅಕ್ಕ ಕೊಟ್ಟ ಹಿಡಿಗಳ ಅಳತೆಗೆ ನಾನು ತೂತು ಕೊರೆದಿದ್ದು. ಇದು ದಪ್ಪ. ಇದು ನಡೆಯಲ್ಲ, ರಿಜೆಕ್ಟು."

ಸಾಹೇಬರು ಇಂಗು ತಿಂದ ಮಂಗನಂತೆ ನಿಂತರು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಲೇತಿಗೆ ಹೊದಿಸಿದ ಹಳೆಯ ಪರದೆ ವಾರಗಟ್ಟಲೆ ಹಾಗೇ ಇತ್ತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಹೆಂಡತಿಗೇ ಹೊಲಿಗೆ ತಪ್ಪತೊಡಗಿತು. "ಹೋಗಿ ಅವನನ್ನೇ ಕೇಳಿ ಬನ್ನಿ, ಗಂಟೇನು ಹೋಗುತ್ತೆ?" ಎಂದು ಆಕೆಯೇ ಚಪ್ಪಲಿ ತಂದು ಮುಂದಿಟ್ಟರು.

ಬಡಗಿಯ ಅಂಗಡಿಯಲ್ಲಿ ಸಾಹೇಬರು ಮೊತ್ತಮೊದಲ ಬಾರಿಗೆ ಕೇಳಿದರು: "ನಿಂಗೆ ಯಾವ ಅಳತೆ ಬೇಕಪ್ಪ?"

ಅವನು ಒಂದು ಚೂರು ಹಲಗೆಗೆ ತೂತು ಕೊರೆದು ಕೈಗಿತ್ತ. "ಇದರಲ್ಲಿ ಕೂತರೆ ಸಾಕು."

ಆ ಹಲಗೆ ಈಗ ಹೊಲಿಗೆ ಅಂಗಡಿಯಲ್ಲಿದೆ. ರವಿಕೆಯ ಅಳತೆ ತೆಗೆಯುತ್ತಲೇ ಹೆಂಡತಿ ಹಿಡಿಗಳ ಆರ್ಡರೂ ಹಿಡಿಯುತ್ತಾರೆ. ಸಾಹೇಬರು ಕಡೆದದ್ದನ್ನು ಆಕೆಯೇ ಆ ತೂತಿಗೆ ಒತ್ತಿ, ಕೂತರೆ ಚೀಲಕ್ಕೆ ಹಾಕುತ್ತಾರೆ. ಗುಣಮಟ್ಟದ ವಿಭಾಗಕ್ಕೆ ಬೇರೆಯವರನ್ನು ನೇಮಿಸಿದ್ದೇನೆ ಎಂದು ಸಾಹೇಬರು ಕಚೇರಿಯಲ್ಲಿ ಹೇಳಿಕೊಳ್ಳುತ್ತಾರೆ. ಆದರೆ ಮುಂದಿನ ಕೋಣೆಯಿಂದ ತೊಟ್ಟು ಕೂತ ಟಪ್ ಸದ್ದು ಕೇಳುವವರೆಗೂ ಅವರು ಉಸಿರು ಬಿಗಿಹಿಡಿದು ಬಾಗಿಲ ಹಿಂದೆ ನಿಂತಿರುತ್ತಾರೆ.