ಗರಗಸದ ಅಲೆಯೂ ಶಾರದೆಯ ಷಡ್ಜವೂ

ನಮ್ಮ ಮನೆಯ ಶ್ರುತಿಪೆಟ್ಟಿಗೆಯ ತಿದಿಯನ್ನು ಇಲಿ ಕಡಿದು ಹಾಕಿತು. ಬನಶಂಕರಿಯ ಮಾರುಕಟ್ಟೆಯಲ್ಲಿ ತಿನ್ನಲು ಏನೆಲ್ಲ ಬಿದ್ದಿರುವಾಗ ಈ ಮಹಾನುಭಾವ ಇಲಿ ಸಂಗೀತವನ್ನೇ ಆರಿಸಿಕೊಂಡದ್ದೇಕೋ ನಾನರಿಯೆ. ಅಂದಿನಿಂದ ನನ್ನ ಹೆಂಡತಿ ಶಾರದೆ ಹಾಡುವುದನ್ನೇ ಬಿಟ್ಟಳು. ಶುಕ್ರವಾರದ ಭಜನಾ ಮಂಡಳಿಯವರು ಕರೆದಾಗಲೆಲ್ಲ, "ಪೆಟ್ಟಿಗೆ ಕೆಟ್ಟೋಗಿದೆ ಕಣ್ರೀ" ಎಂಬ ಒಂದೇ ಉತ್ತರ. ನಿಜಸಂಗತಿ ಬೇರೆ. ಅರವತ್ತು ದಾಟಿದ ಮೇಲೆ ಮೇಲಿನ ಷಡ್ಜ ಮುಟ್ಟುವಾಗ ಅವಳ ದನಿ ಒಡೆಯುತ್ತದೆ; ನಾಲ್ಕು ಜನಕ್ಕೆ ಅದು ಕೇಳಿಸೀತೆಂಬ ಅಂಜಿಕೆಗೆ ಇಲಿ ಒಳ್ಳೆಯ ನೆಪ ಒದಗಿಸಿತು. ಅವಳು ಹಾಡದ ಮನೆಯಲ್ಲಿ ನನಗೆ ಜೀವ ನಿಲ್ಲುವುದಿಲ್ಲ, ಓದುಗ ಮಿತ್ರರೇ; ಕುಕ್ಕರಿನ ಕೂಗನ್ನೇ ಸಂಗೀತವೆಂದು ಎಷ್ಟು ದಿನ ಆಲಿಸಲಾದೀತು? ಮೊಬೈಲಿನಲ್ಲಿ ತಂಬೂರಿ ಹಾಕಿಕೊಟ್ಟೆ. "ಇದಕ್ಕೆ ಉಸಿರೇ ಇಲ್ಲ" ಎಂದು ಆರಿಸಿಬಿಟ್ಟಳು.

ಹಾಗಾದರೆ ಉಸಿರಿರುವ ಶ್ರುತಿಯನ್ನು ನಾನೇ ತಯಾರಿಸುತ್ತೇನೆಂದು ಹಟ ಹಿಡಿದೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಧಾರವಾಡದ ಸ್ಫೂರ್ತಿಗೆ ವಾರವೆಲ್ಲ ಆಫೀಸು, ರಜೆಯೆಲ್ಲ ಸಿಂಥಸೈಜರು. ಭಾನುವಾರ ಬೆಳಗ್ಗೆ ಆ ಯಂತ್ರವನ್ನು ತಂದು ನಮ್ಮ ಊಟದ ಮೇಜಿನ ಮೇಲಿಟ್ಟು, "ಇದರಾಗ ಯಾವ ವಾದ್ಯಾನೂ ಇಲ್ಲ ರೀ ಅಂಕಲ್. ಬರೇ ಅಲೆ ಅದಾವ. ಅವನ್ನ ಕೂಡಿಸಿ ನಿಮಗ ಬೇಕಾದ ದನಿ ನೀವ ಮಾಡ್ಕೋಬೇಕು" ಎಂದಳು.

ಮೊದಲು ಸೈನ್ ಅಲೆ. ನುಣುಪಾಗಿ ಏರಿ ನುಣುಪಾಗಿ ಇಳಿಯುವ ಸಾಧುಪ್ರಾಣಿ. ಮೂಲಸ್ವರವೊಂದೇ, ಅದರ ಬೆನ್ನಿಗೇ ಮೆಲ್ಲಗೆ ಮೊಳಗುವ ಮೇಲಿನ ಉಪಸ್ವರಗಳ ಸುಳಿವಿಲ್ಲ. ಅಡುಗೆಮನೆಯಿಂದ ತೀರ್ಪು ಬಂತು: "ಕಿವಿ ಡಾಕ್ಟ್ರು ಕೇಳಿಸ್ತಾರಲ್ಲ, ಆ ಶಬ್ದ!" ಆಮೇಲೆ ಚೌಕದ ಅಲೆ. ಅದು ಥಟ್ಟನೆ ಮೇಲೆ ಹಾರಿ ಥಟ್ಟನೆ ಕೆಳಗೆ ಬೀಳುತ್ತದೆ, ಒಂದು ಬಿಟ್ಟು ಒಂದು ಉಪಸ್ವರವನ್ನು ಹೊತ್ತಿರುತ್ತದೆ. "ಕಸದ ಗಾಡಿ ರಿವರ್ಸ್ ತಗೊಳ್ತಾ ಇದೆ, ಬಕೆಟ್ ಆಚೆ ಇಡ್ರೀ" ಎಂದಳು ಶಾರದೆ. ಪಕ್ಕದ ಮನೆಯಾಕೆ ನಿಜಕ್ಕೂ ಬಕೆಟ್ಟು ಹಿಡಿದು ಗೇಟಿಗೆ ಬಂದಿದ್ದರು. ಕೊನೆಗೆ ಗರಗಸದ ಅಲೆ: ಮೆಲ್ಲಗೆ ಏರಿ ಒಮ್ಮೆಲೇ ಧುಮುಕುವ, ಉಪಸ್ವರಗಳ ಇಡೀ ಬಳಗವನ್ನೇ ಕಟ್ಟಿಕೊಂಡು ಬರುವ ಗದ್ದಲಗಾರ. "ಮಿಕ್ಸಿ ಯಾಕ್ರೀ ಹಾಕಿದ್ರಿ? ಚಟ್ನಿ ಆಗ್ಲೇ ಆಯ್ತಲ್ಲ!"

ಆದರೆ ಕೆಲಸಕ್ಕೆ ಬಂದದ್ದು ಆ ಗದ್ದಲಗಾರನೇ. ಇಲ್ಲದ್ದನ್ನು ಸೋಸಿ ತೆಗೆಯಲು ಬಾರದು. ಎಲ್ಲವೂ ಇರುವ ಗರಗಸದಿಂದ ಮೇಲಿನ ಕೀರಲನ್ನು ಫಿಲ್ಟರಿನಲ್ಲಿ ಸೋಸಬಹುದು. ಎರಡು ಗರಗಸಗಳನ್ನು ಜೊತೆ ಮಾಡಿ, ಕೀರಲು ತೆಗೆದು, ಚೌಕವನ್ನು ಇಂಗಿನಷ್ಟು ಬೆರೆಸಿದೆ. ಇಲ್ಲಿಯೇ ನನ್ನ ಸಂಸ್ಕಾರ ಕೈಕೊಟ್ಟಿತು. ಶ್ರುತಿಯೆಂದರೆ ಕೂದಲೆಳೆಯಷ್ಟೂ ಆಚೀಚೆಯಾಗಬಾರದೆಂದು ಕಚೇರಿಗಳ ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸುತ್ತ ಬೆಳೆದವನು ನಾನು. ಮೊಬೈಲಿನಲ್ಲಿ ಅಳೆದಳೆದು ಎರಡೂ ಅಲೆಗಳನ್ನು ಕರಾರುವಾಕ್ಕಾಗಿ ಒಂದೇ ಸ್ವರಕ್ಕೆ ಕೂರಿಸಿದೆ. ದನಿ ಹಲಗೆಯ ಹಾಗೆ ಸೆಟೆದು ನಿಂತಿತು.

"ಅವಕ್ಕ ಸ್ವಲ್ಪ ಜಗಳ ಹಚ್ಚರಿ ಅಂಕಲ್" ಎಂದು ನಗುತ್ತ ಸ್ಫೂರ್ತಿ ಒಂದು ಗುಂಡಿಯನ್ನು ಇಷ್ಟೇ ಇಷ್ಟು ತಿರುವಿದಳು. ಎರಡು ಅಲೆಗಳೂ ಕೂದಲೆಳೆಯಷ್ಟು ಬೇರೆಯಾದವು. ಒಮ್ಮೆ ಕೂಡಿ ಉಬ್ಬಿದವು, ಒಮ್ಮೆ ಅಗಲಿ ತಗ್ಗಿದವು. ದನಿ ಉಸಿರಾಡತೊಡಗಿತು. ಶಾರದೆ ಸೌಟು ಹಿಡಿದೇ ಹೊರಗೆ ಬಂದಳು. ನಿಂತು ಕೇಳಿದಳು, ತುಸು ಗುನುಗಿದಳು, ಮೇಲಿನ ಷಡ್ಜದ ಹೊಸ್ತಿಲಲ್ಲಿ ನಿಂತುಬಿಟ್ಟಳು. "ಶುಕ್ರವಾರ ನಮ್ಮನೇಲೇ ಇಟ್ಕೊಳ್ಳೋಣ ಭಜನೆ. ಆದ್ರೆ ಜೋರಾಗಿ ಇಡ್ರಿ ಇದನ್ನ" ಎಂದಳು. ಜೋರಾಗಿ ಏಕೆಂದು ನನಗೆ ಗೊತ್ತಿತ್ತು; ದೊಡ್ಡ ಸ್ಪೀಕರೊಂದನ್ನು ಹುಡುಕಲು ಹೊರಟೆ.

ಅಲೆಗಳ ಈ ಸಣ್ಣ ಕಲಹವನ್ನು ಆ ವಾರವೆಲ್ಲ ಮೆಲುಕು ಹಾಕಿದೆ. ಶಾರದೆಯೂ ನಾನೂ ಎಲ್ಲದಕ್ಕೂ ಒಪ್ಪಿಬಿಟ್ಟ ದಿನಗಳು ಇಲ್ಲವೆಂದಲ್ಲ. ಅಂದು ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದೇ ಅರ್ಥ. ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ನಾನು, ಕಮ್ಮಿಯಾಯಿತೆಂದು ಅವಳು ಅನ್ನುತ್ತಿದ್ದರೆ ಸಂಸಾರ ಕ್ಷೇಮವಾಗಿದೆಯೆಂದು ತಿಳಿಯಬೇಕು.

ಶುಕ್ರವಾರ ಸಂಜೆ ಹೆಂಗಸರೆಲ್ಲ ಬಂದು ಕೂತರು. ಯಂತ್ರದ ಒಂದು ಕೀಲಿ ಒತ್ತಿ, ಅದು ಮೇಲೇಳದಂತೆ ಸೆಲ್ಲೋಟೇಪು ಅಂಟಿಸಿ, ಸ್ಪೀಕರನ್ನು ಜೋರಾಗಿಟ್ಟೆ. ಶಾರದೆ ಧೈರ್ಯವಾಗಿ ಹಾಡಿದಳು. ಚರಣ ಏರಿತು, ಮೇಲಿನ ಷಡ್ಜ ಸಮೀಪಿಸಿತು, ಕರೆಂಟು ಹೋಯಿತು.

ಯಂತ್ರ ಬಾಯಿ ಮುಚ್ಚಿತು. ಆ ಮೌನದಲ್ಲಿ ಅವಳ ದನಿ ಒಡೆದದ್ದು ಎಲ್ಲರಿಗೂ ನಿಚ್ಚಳವಾಗಿ ಕೇಳಿಸಿತು. ಅಷ್ಟರಲ್ಲಿ ಹೆಂಗಸರೆಲ್ಲ ಆ ಸಾಲನ್ನು ಎತ್ತಿಕೊಂಡರು: ಒಬ್ಬಾಕೆ ಕೂದಲೆಳೆ ಮೇಲೆ, ಒಬ್ಬಾಕೆ ಕೂದಲೆಳೆ ಕೆಳಗೆ, ಇನ್ನೊಬ್ಬಾಕೆ ಧಾರಾಳವಾಗಿ ಎರಡೆಳೆ ಆಚೆ. ಯಾರ ದನಿಯೂ ಇಡಿಯಾಗಿರಲಿಲ್ಲ. ಹಜಾರವೇ ಉಬ್ಬಿ ತಗ್ಗಿ ಉಸಿರಾಡಿತು. ನಾನು ಮೆಲ್ಲಗೆ ಗೋಡೆಯ ಪಕ್ಕದಲ್ಲಿ ತೆವಳಿ ಯಂತ್ರದ ಪ್ಲಗ್ಗನ್ನು ಕಿತ್ತೆ.

ಕರೆಂಟು ಬಂದದ್ದು ತಿಳಿದದ್ದು ಫ್ಯಾನು ತಿರುಗಿದಾಗಲೇ. ಅಷ್ಟು ಹೊತ್ತಿಗೆ ಶಾರದೆ, ಯಾರೂ ಕೇಳಿಕೊಳ್ಳದಿದ್ದರೂ, ಅದೇ ಚರಣವನ್ನು ಇನ್ನೊಮ್ಮೆ ಹಿಡಿದು ಮೇಲಿನ ಷಡ್ಜದ ಕಡೆಗೆ ಹೊರಟಿದ್ದಳು.