ಒಂದು ಮುಚ್ಚಳ ಹೆಚ್ಚಾದ ಎಣ್ಣೆ

ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಪ್ರಯಾಣ ಮಾಡುವವನಿಗೆ ಮುಂದಿನ ದಾರಿ ಕಾಣುವುದಿಲ್ಲ. ಅವನ ಪಾಲಿಗೆ ಬರುವುದು ಮುಂದೆ ಕೂತವರ ಹೆಲ್ಮೆಟ್ಟಿನ ಹಿಂಭಾಗ, ಪಕ್ಕದ ರಿಕ್ಷಾಗಳಲ್ಲಿರುವವರ ಮುಖಭಾವ ಮತ್ತು, ಕತ್ತು ಹೊರಳಿಸುವ ಧೈರ್ಯವಿದ್ದರೆ, ಹಿಂದೆ ಬಿಟ್ಟುಬಂದ ಹೊಗೆ. ಈ ಮೂರರಲ್ಲೂ ನನ್ನದು ದೀರ್ಘಕಾಲದ ವ್ಯಾಸಂಗ. ಏಕೆಂದರೆ ನಮ್ಮ ಮನೆಯಲ್ಲಿ ಸ್ಕೂಟರ್ ಓಡಿಸುವವಳು ನನ್ನ ಹೆಂಡತಿ ಸುಗಂಧಿ; ನಾನು ಹಿಂದೆ ಕೂರುವವನು. ಪ್ರಾಯದಲ್ಲಿ ಒಮ್ಮೆ ಕಲಿಯಲು ಹೊರಟು ವಿಲೆ ಪಾರ್ಲೆಯಲ್ಲಿ ಬಾಳೆಹಣ್ಣಿನ ಗಾಡಿಯೊಂದರ ಮಡಿಲಿಗೆ ನೇರವಾಗಿ ಹೋಗಿ ಬಿದ್ದಿದ್ದೆ. ಗಾಡಿಯವನಿಗೆ ಏನೂ ಆಗಲಿಲ್ಲ. ಹಣ್ಣುಗಳು ಮಾತ್ರ ಅಕಾಲದಲ್ಲಿ ಮೆತ್ತಗಾದವು, ನನ್ನ ಉತ್ಸಾಹವೂ ಮೆತ್ತಗಾಯಿತು.

ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ನನಗೆ ಹೆಂಡತಿಯ ಬೆನ್ನ ಹಿಂದೆ ಕೂತು ಹೋಗುವುದರಲ್ಲಿ ಸಂಕೋಚವೇನೂ ಇರಲಿಲ್ಲ. ಸಾರಥಿ ಮುಂದೆ, ರಥಿಕ ಹಿಂದೆ ಕೂರುವುದು ಶಾಸ್ತ್ರಸಮ್ಮತವೇ ಎಂದು ಸಹೋದ್ಯೋಗಿಗಳ ಬಾಯಿ ಮುಚ್ಚಿಸುತ್ತಿದ್ದೆ. ಸುಗಂಧಿ ಶಾಲೆಯಲ್ಲಿ ಗಣಿತದ ಟೀಚರು. ಉಡುಪಿಯ ಕಡೆಯಿಂದ ಮದುವೆಯಾಗಿ ಮುಂಬಯಿಯ ಮಲಾಡಿಗೆ ಬಂದವಳು ಲೋಕಲ್ ರೈಲಿನ ಜನಜಂಗುಳಿಯನ್ನು ಒಂದೇ ವರ್ಷ ಸಹಿಸಿದಳು. ಆಮೇಲೆ ತನ್ನ ಸಂಬಳದಲ್ಲಿ ಈ ನೀಲಿ ಸ್ಕೂಟರನ್ನು ಕೊಂಡಳು. ಶಾಲೆ, ಮಾರ್ಕೆಟ್ಟು, ಮಗಳ ಟ್ಯೂಷನ್ನು, ನನ್ನ ಸ್ಟೇಷನ್ನು ಎಲ್ಲವೂ ಅದರ ಮೇಲೆಯೇ ನಡೆದವು. ಒಂದೇ ಕೊರತೆಯೆಂದರೆ ಒಡತಿಯ ಹೆಸರು ಸುಗಂಧಿಯಾದರೂ ವಾಹನ ಬಿಡುತ್ತಿದ್ದದ್ದು ಮಾತ್ರ ಕಟು ದುರ್ಗಂಧ. ಸಿಗ್ನಲ್ಲಿನಲ್ಲಿ ನಾವು ನಿಂತರೆ ಹಿಂದಿನವರು ಕರವಸ್ತ್ರ ಹುಡುಕುತ್ತಿದ್ದರು. ಅವರ ಕಣ್ಣಿಗೆ ಬೀಳುತ್ತಿದ್ದವನು ನಾನೇ ಆದ್ದರಿಂದ ಶಾಪವೆಲ್ಲ ನನ್ನ ಬೆನ್ನಿಗೇ ಸಲ್ಲುತ್ತಿತ್ತು.

ಕಳೆದ ಮಳೆಗಾಲದ ಕೊನೆಗೆ ಸುಗಂಧಿ ಬಿಲ್ಡಿಂಗಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಬಿತ್ತು. ಸ್ಕೂಟರ್ ಎರಡು ತಿಂಗಳು ಕಾಂಪೌಂಡಿನ ಮೂಲೆಯಲ್ಲಿ ನಿಂತೇ ಇತ್ತು. ಅಷ್ಟರಲ್ಲಿ ಅದರ ರಿಜಿಸ್ಟ್ರೇಷನ್ ನವೀಕರಿಸುವ ಕಾಲ ಬಂತು, ಅದಕ್ಕೆ ಮೊದಲು ಹೊಗೆ ತಪಾಸಣೆಯ ಸರ್ಟಿಫಿಕೇಟು, ಅಂದರೆ ಎಲ್ಲರ ಬಾಯಲ್ಲಿರುವ ಪಿಯುಸಿ, ಬೇಕಾಯಿತು. ಹಿಂದಿನ ಸಲಗಳಲ್ಲೆಲ್ಲ ನಮ್ಮ ಸ್ಕೂಟರು ದಡ್ಡ ವಿದ್ಯಾರ್ಥಿಯಂತೆ ಗಡಿರೇಖೆಯ ಮೇಲೆ ತೂರಾಡಿ ಹೇಗೋ ದಾಟಿಕೊಂಡಿತ್ತು.

ಮಗಳು ಪಲ್ಲವಿ ಈಗ ವಿಲೆ ಪಾರ್ಲೆಯಲ್ಲಿ, ವಿಮಾನದ ಸರಕು ಸಾಗಿಸುವ ಕಂಪನಿಯೊಂದರಲ್ಲಿದ್ದಾಳೆ. ಅವಳು ಗುಜರಿಗೆ ಕೊಟ್ಟುಬಿಡಿ ಎಂದು ತನ್ನ ಅರೆಗನ್ನಡದಲ್ಲಿ ಪ್ರತಿ ಭಾನುವಾರ ಉಪದೇಶಿಸುತ್ತಿದ್ದಳು. ಕೆಳಗಿನ ಮನೆಯ ಗೃಹಸ್ಥರೊಬ್ಬರು ಇನ್ನೂ ಸುಲಭದ ಮಾರ್ಗ ತೋರಿಸಿದರು. ಅವರ ಪರಿಚಯದವನೊಬ್ಬನಿಗೆ ನಂಬರ್ ಪ್ಲೇಟಿನ ಫೋಟೋ ಕಳಿಸಿದರೆ ಸಾಕಂತೆ, ಗಾಡಿ ಕದಲದೆಯೇ ಸರ್ಟಿಫಿಕೇಟು ಮನೆಗೆ ಬರುತ್ತದಂತೆ. ನನಗೆ ಈ ಯೋಜನೆ ಬಹಳ ಹಿಡಿಸಿತು. ಸುಗಂಧಿಗೆ ಹಿಡಿಸಲಿಲ್ಲ. ಉತ್ತರಪತ್ರಿಕೆ ನೋಡದೆ ಅಂಕ ಕೊಡುವವರ ಹತ್ತಿರ ತನ್ನ ಗಾಡಿ ಹೋಗುವುದಿಲ್ಲ, ಪ್ರಾಮಾಣಿಕವಾಗಿ ಫೇಲಾದರೆ ತಾನೇ ಗುಜರಿಯವನನ್ನು ಕರೆಯುತ್ತೇನೆ ಎಂದಳು. ಆದರೆ ನನಗೆ ಓಡಿಸಲು ಬರುವುದಿಲ್ಲವಲ್ಲ ಎಂದು ನೆನಪಿಸಿದೆ.

"ತಳ್ಳಿಕೊಂಡು ಹೋಗಿ. ತಳ್ಳಲಿಕ್ಕೆ ಲೈಸೆನ್ಸು ಬೇಡ," ಎಂದಳು.

ಹೀಗಾಗಿ ನಿವೃತ್ತ ಸಂಸ್ಕೃತ ಪ್ರಾಧ್ಯಾಪಕನೊಬ್ಬ ಒಂದು ಬೆಳಿಗ್ಗೆ ನೀಲಿ ಸ್ಕೂಟರೊಂದನ್ನು ತಳ್ಳಿಕೊಂಡು ಮಲಾಡಿನ ಎಸ್.ವಿ. ರೋಡಿನಲ್ಲಿ ಸಾಗಿದ. ಮುಂಬಯಿಯ ಜನ ಅವಸರದವರು ಎಂಬ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ. ಪೆಟ್ರೋಲ್ ಮುಗಿಯಿತೇ ಎಂದು ಕೇಳಿದವರು ಐವರು. ಇಬ್ಬರು ತಮ್ಮ ಬೈಕಿನಿಂದ ಕಾಲು ಚಾಚಿ ಹಿಂದಿನಿಂದ ನೂಕುತ್ತೇವೆ, ನೀವು ಕೂತುಕೊಳ್ಳಿ ಎಂದರು. ಪೆಟ್ರೋಲ್ ಇದೆ, ಎಂಜಿನ್ನೂ ಸರಿ ಇದೆ, ಸವಾರನೇ ಇಲ್ಲ ಎಂದು ಪ್ರತಿಯೊಬ್ಬರಿಗೂ ವಿವರಿಸುವುದು ಕಷ್ಟವಾಗಿ ಕೊನೆಗೆ ವ್ಯಾಯಾಮ ಮಾಡುತ್ತಿದ್ದೇನೆ ಎಂದು ಹೇಳತೊಡಗಿದೆ. ಅದನ್ನು ಎಲ್ಲರೂ ಗೌರವದಿಂದ ಒಪ್ಪಿಕೊಂಡರು.

ತಪಾಸಣೆಯ ಕೇಂದ್ರವೆಂದರೆ ಪೆಟ್ರೋಲ್ ಪಂಪಿನ ಪಕ್ಕ ನಿಂತ ಒಂದು ವ್ಯಾನು, ಅದರೊಳಗೆ ಒಂದು ಕಂಪ್ಯೂಟರು, ಅದರ ಮುಂದೆ ಒಬ್ಬ ಮರಾಠಿ ಹೆಂಗಸು. ಆಕೆ ಸ್ಕೂಟರನ್ನು ಚಾಲೂ ಮಾಡಲು ಹೇಳಿದಳು. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಿಕ್ ಹೊಡೆಯುವಷ್ಟರ ಮಟ್ಟಿಗೆ ನಾನೂ ಪರಿಣತನೇ. ನಾಲ್ಕನೆಯ ಕಿಕ್ಕಿಗೆ ಎಂಜಿನ್ ಎಚ್ಚೆತ್ತು ಸೈಲೆನ್ಸರಿನಿಂದ ಬಿಳಿಯ ಮೇಘಮಾಲೆಯೊಂದನ್ನು ಬಿಟ್ಟಿತು. ಸಿಎನ್‌ಜಿಗೆ ಸಾಲು ನಿಂತಿದ್ದ ರಿಕ್ಷಾವಾಲಾಗಳು ಒಬ್ಬೊಬ್ಬರಾಗಿ ಅದೃಶ್ಯರಾದರು. ಆಕೆ ಮೂಗಿಗೆ ಸೆರಗು ಹಿಡಿದು ನಳಿಗೆಯನ್ನು ಸೈಲೆನ್ಸರಿಗೆ ತೂರಿಸಿ ಪರದೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನನ್ನು ನೋಡಿ, ಆಸ್ಪತ್ರೆಯಲ್ಲಿ ಹೇಳುವಷ್ಟು ಮೃದುವಾಗಿ, ಇದು ಪಾಸಾಗುವುದಿಲ್ಲ ಕಾಕಾ, ಇದಕ್ಕೆ ಆರಾಮ ಕೊಡಿ ಎಂದು ಹಿಂದಿಯಲ್ಲಿ ಹೇಳಿದಳು.

ಮನೆಗೆ ಬಂದು ಫಲಿತಾಂಶ ತಿಳಿಸಿದೆ. ಸುಗಂಧಿ ವಾದ ಮಾಡುತ್ತಾಳೆ, ಪಂಪಿನವನ ಪೆಟ್ರೋಲಿನಲ್ಲಿ ಕಲಬೆರಕೆ ಎಂದು ವಾಡಿಕೆಯಂತೆ ಬೈಯುತ್ತಾಳೆ ಎಂದುಕೊಂಡಿದ್ದೆ. ಆದರೆ ಸಂಜೆ ನಾನು ಬಾಲ್ಕನಿಯಿಂದ ಬಗ್ಗಿ ನೋಡಿದಾಗ, ಕೆಳಗೆ ಅವಳು ಎಡಗೈಯಲ್ಲಿ ಬಟ್ಟೆ ಹಿಡಿದು ಸ್ಕೂಟರಿನ ಸೀಟು ಒರೆಸುತ್ತಿದ್ದಳು. ಮುಂದಿನ ಡಿಕ್ಕಿಯಲ್ಲಿದ್ದ ಹಳೆಯ ರಸೀದಿ, ಮಗಳ ಮುರಿದ ಕ್ಲಿಪ್ಪು, ಒಂದು ಚಾಕ್‌ಪೀಸು ಎಲ್ಲವನ್ನೂ ತೆಗೆದು ಚೀಲಕ್ಕೆ ಹಾಕಿಕೊಂಡಳು. ಮೇಲೆ ಬಂದು, ಗುಜರಿಯವನ ಫೋನ್ ನಂಬರು ಪಲ್ಲವಿಯ ಹತ್ತಿರ ಕೇಳಬೇಕು ಎಂದಳು. ಅವಳ ಆ ಶಾಂತಸ್ವರ ನನಗೆ ಯಾವ ಬೈಗುಳಕ್ಕಿಂತಲೂ ಹೆಚ್ಚು ತಾಗಿತು. ಈ ವಯಸ್ಸಿನಲ್ಲಿ ಅವಳು ಹೊಸ ಗಾಡಿ ಕೊಳ್ಳುವುದಿಲ್ಲ. ಇದು ಹೋದರೆ ಅವಳ ಸವಾರಿಯೇ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅವಳು ಕೈ ತೋರಿಸಲು ಆಸ್ಪತ್ರೆಗೆ ಹೋದಾಗ ನಾನು ಮತ್ತೆ ಸ್ಕೂಟರ್ ತಳ್ಳಿಕೊಂಡು ದಾವಲಸಾಬರ ಗ್ಯಾರೇಜಿಗೆ ಹೋದೆ. ಅವರು ವಿಜಯಪುರದ ಕಡೆಯವರು. ಮೊದಲಿನಿಂದ ಈ ಗಾಡಿಯ ವೈದ್ಯರು ಅವರೇ. ಹೊಗೆ ಎಂದು ಸುಗಂಧಿ ದೂರಿದಾಗಲೆಲ್ಲ ಒಮ್ಮೆ ಕಾರ್ಬುರೇಟರ್ ಬಿಚ್ಚಿ, ಒಮ್ಮೆ ಪಿಸ್ಟನ್ನಿನ ರಿಂಗು ಬದಲಿಸಿ ಸೋತವರು. ಈ ಸಲ ಅವರು ಎಂಜಿನ್ ಮುಟ್ಟಲೇ ಇಲ್ಲ. ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿದರು, ಎರಡು ಬೆರಳ ನಡುವೆ ಉಜ್ಜಿದರು.

"ಸರ, ಗಾಡಿದೇನೂ ತಪ್ಪಿಲ್ರಿ. ಇದಕ್ಕ ಯಾರೋ ಎಣ್ಣಿ ಭಾಳ ಕುಡಿಸ್ಯಾರ," ಎಂದರು.

ಇಲ್ಲಿ ಓದುಗರಿಗೆ ಒಂದು ತಾಂತ್ರಿಕ ವಿಷಯವನ್ನೂ ಒಂದು ನೈತಿಕ ವಿಷಯವನ್ನೂ ತಿಳಿಸಬೇಕು. ತಾಂತ್ರಿಕವೆಂದರೆ, ಈ ಹಳೆಯ ಜಾತಿಯ ಎಂಜಿನ್ನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕಬೇಕು. ಲೀಟರಿಗೆ ಒಂದು ಮುಚ್ಚಳ ಎಂಬುದು ನಮ್ಮ ಬಾಟಲಿಯ ಲೆಕ್ಕ. ಕಡಿಮೆಯಾದರೆ ಎಂಜಿನ್ ಬಿಗಿದು ನಿಲ್ಲುತ್ತದೆ, ಹೆಚ್ಚಾದರೆ ಹೊಗೆ. ನೈತಿಕವೆಂದರೆ, ಆ ಮುಚ್ಚಳ ಹಾಕುವವನು ನಾನು. ಸ್ಕೂಟರಿನ ಆಡಳಿತದಲ್ಲಿ ನನಗೆ ದಕ್ಕಿದ್ದ ಏಕೈಕ ಖಾತೆ ಅದು. ಪಂಪಿನಲ್ಲಿ ಸುಗಂಧಿ ಮೀಟರಿನ ಮೇಲೆ ಕಣ್ಣಿಟ್ಟು "ಎರಡು" ಎನ್ನುವಳು. ನಾನು ಎರಡು ಮುಚ್ಚಳ ಹಾಕುವೆ. ಆಮೇಲೆ ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ಹೊತ್ತಿನಲ್ಲಿ ಮೂರನೆಯದನ್ನೂ ಹಾಕುವೆ.

ಇದಕ್ಕೊಂದು ಕಾರಣವಿತ್ತು. ಪಲ್ಲವಿಯ ಹನ್ನೆರಡನೆಯ ತರಗತಿಯ ಪರೀಕ್ಷೆಯ ದಿನ, ಮುಂದೆ ಸುಗಂಧಿ, ನಡುವೆ ಮಗಳು, ಹಿಂದೆ ನಾನು, ಮೂವರೂ ಕಾನೂನನ್ನು ಮರೆತು ಹೋಗುತ್ತಿದ್ದಾಗ ಜೋಗೇಶ್ವರಿಯ ಹತ್ತಿರ ಎಂಜಿನ್ ಹಠಾತ್ತನೆ ಬಿಗಿದುಕೊಂಡಿತು. ಚಕ್ರ ಕಿರುಚಿ ಗಾಡಿ ಅಡ್ಡಡ್ಡ ಜಾರಿತು. ಪಕ್ಕದಲ್ಲೇ ಒಂದು ಬಸ್ಸು ಉಜ್ಜಿಕೊಂಡಂತೆ ಹೋಯಿತು. ಸುಗಂಧಿ ಎರಡೂ ಕಾಲು ನೆಲಕ್ಕೊತ್ತಿ ಹೇಗೋ ನಿಲ್ಲಿಸಿದಳು. ಎಣ್ಣೆ ಕಡಿಮೆಯಾಗಿತ್ತು, ಅಷ್ಟೇ ಎಂದು ಹೇಳಿ ರಿಕ್ಷಾ ಕರೆದು ಮಗಳನ್ನು ಹತ್ತಿಸಿದಳು. ಪಲ್ಲವಿ ಪರೀಕ್ಷೆ ಬರೆದಳು, ಸುಗಂಧಿ ಮರೆತಳು. ಹಿಂದೆ ಕೂತಿದ್ದ ನನಗೆ ಹಿಡಿಯಲು ಹ್ಯಾಂಡಲಿರಲಿಲ್ಲ, ಒತ್ತಲು ಬ್ರೇಕಿರಲಿಲ್ಲ. ನನಗೆ ಮರೆಯಲು ಆಗಲಿಲ್ಲ. ಅಂದಿನಿಂದ ಹದಿನೇಳು ವರ್ಷ ನನ್ನ ಕೈಯಳತೆಯಲ್ಲಿದ್ದ ಒಂದೇ ಒಂದು ರಕ್ಷೆಯನ್ನು ಗುಟ್ಟಾಗಿ ಸುರಿಯುತ್ತ ಬಂದೆ. ಈಚೆಗೆ ಗಾಡಿ ನಿಂತಿದ್ದ ಎರಡು ತಿಂಗಳಲ್ಲಂತೂ, ನಿಂತ ಯಂತ್ರಕ್ಕೆ ಸ್ನಿಗ್ಧತೆ ಬೇಕಲ್ಲವೇ ಎಂದು, ಪ್ರತಿ ವಾರ ಕಿಕ್ ಹೊಡೆಯುವ ಮೊದಲು ಇನ್ನೊಂದು ಮುಚ್ಚಳ. ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ತರಗತಿಯಲ್ಲಿ ನೂರು ಸಲ ಹೇಳಿದ ಈ ಶ್ಲೇಷೆಯ ಅರ್ಥ ಗ್ಯಾರೇಜಿನಲ್ಲಿ ತಿಳಿಯಿತು.

ನನ್ನ ಮುಖ ನೋಡಿಯೇ ದಾವಲಸಾಬರಿಗೆ ಅಪರಾಧಿ ಯಾರೆಂದು ಗೊತ್ತಾಯಿತು. ತಾವು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ ಬಿಡಿಭಾಗಗಳೆಲ್ಲ ಅವರ ಕಣ್ಣ ಮುಂದೆ ಸುಳಿದುಹೋಗಿರಬೇಕು. ಆದರೂ ಅವರು ನಕ್ಕರು. ಟ್ಯಾಂಕನ್ನು ಬರಿದು ಮಾಡಿ ತೊಳೆದರು, ಸೈಲೆನ್ಸರಿನ ಒಳಗಿಂದ ಕರಿಯ ಮಸಿಯನ್ನು ಗಟ್ಟಿ ಗಟ್ಟಿಯಾಗಿ ಕೆರೆದು ತೆಗೆದರು, ಪ್ಲಗ್ಗು ಬದಲಿಸಿದರು, ತಾವೇ ಅಳೆದು ಎಣ್ಣೆ ಬೆರೆಸಿದರು. ಅಕ್ಕೋರಿಗೆ ನಾನಂತೂ ಹೇಳೋದಿಲ್ಲ, ಹೇಳೋದು ಬಿಡೋದು ನಿಮಗೆ ಬಿಟ್ಟದ್ದು ಎಂದು ಅಭಯವನ್ನೂ ಕೊಟ್ಟರು. ಅವರ ಊರಿನಲ್ಲಿ ಟೀಚರಮ್ಮನನ್ನು ಅಕ್ಕೋರು ಎನ್ನುತ್ತಾರೆ. ಸುಗಂಧಿ ಅವರಿಗೆ ಸದಾ ಅಕ್ಕೋರೇ.

ಇನ್ನೊಮ್ಮೆ ತೋರಿಸಿಬಿಡೋಣ ಎಂದಷ್ಟೇ ಹೇಳಿ ಎರಡು ದಿನದ ನಂತರ ಸುಗಂಧಿಯನ್ನು ರಿಕ್ಷಾದಲ್ಲಿ ಕರೆತಂದೆ. ಸ್ಕೂಟರನ್ನು ದಾವಲಸಾಬರು ಓಡಿಸಿಕೊಂಡು ಬಂದಿದ್ದರು. ವ್ಯಾನಿನ ಹೆಂಗಸು ನಮ್ಮನ್ನು ಕಂಡು ಮೊದಲೇ ಸೆರಗು ಮೂಗಿಗೆ ಒಯ್ದಳು. ಎಂಜಿನ್ ಒಂದೇ ಕಿಕ್ಕಿಗೆ ಶುರುವಾಯಿತು. ಸೈಲೆನ್ಸರಿನ ಬಾಯಲ್ಲಿ ತೆಳ್ಳಗಿನ ನೀಲಿ ಎಳೆ ಕಂಡು ಹಾಗೇ ಕರಗಿತು. ನಳಿಗೆ ಒಳಹೋಯಿತು, ಪರದೆಯ ಅಂಕಿಗಳು ಏರಿದವು, ಇಳಿದವು, ನಿಂತವು. ಹೆಂಗಸು ಸೆರಗು ಕೆಳಗಿಳಿಸಿ ಪಾಸ್ ಎಂದಳು. ಪ್ರಿಂಟರಿನಿಂದ ಕಾಗದ ಹೊರಬರುವವರೆಗೂ ಸುಗಂಧಿ ಕಣ್ಣು ಮಿಟುಕಿಸಲಿಲ್ಲ. ಕಾಗದವನ್ನು ಎರಡು ಸಲ ಓದಿ, ಏನು ರಿಪೇರಿ ಮಾಡಿದಿರಿ ಎಂದು ದಾವಲಸಾಬರನ್ನು ಕೇಳಿದಳು. ಟ್ಯಾಂಕ್ ಸಾಫ್ ಮಾಡೀನ್ರಿ ಎಂದು ಅವರು ಫ್ಲೈಓವರಿನ ಕಡೆ ದೃಷ್ಟಿ ಹಾಯಿಸಿದರು.

ಆದರೆ ಗಣಿತದ ಟೀಚರಿಗೆ ಅಷ್ಟು ಸಾಕಾಯಿತು. ಟ್ಯಾಂಕಿನ ಪೆಟ್ರೋಲ್ ಚೆಲ್ಲಿದ ಮೇಲೆ ಪಾಸಾಯಿತು ಎಂದರೆ ದೋಷ ಪೆಟ್ರೋಲಿನದ್ದೇ, ತಾನು ಇಷ್ಟು ವರ್ಷ ಹೇಳಿದ್ದು ಸಿದ್ಧವಾಯಿತು ಎಂದು ಅವಳು ಕಾಗದ ಹಿಡಿದು ಪಂಪಿನ ಕಡೆ ಹೊರಟೇಬಿಟ್ಟಳು. ಅಲ್ಲಿನ ಯಾದವ್ ನಮಗೆ ಬಹುಕಾಲದಿಂದ ಪೆಟ್ರೋಲ್ ಹಾಕುವವನು, ಅವಳಿಂದ ಬೈಸಿಕೊಳ್ಳುವವನೂ ಅವನೇ. ದೂರದಿಂದಲೇ ನಮಸ್ಕಾರ ಮಾಡಿದ. ನನ್ನ ಕಾಲು ಒಂದು ಕ್ಷಣ ಅಲ್ಲೇ ನಿಂತಿತು. ಸುಮ್ಮನಿದ್ದರೆ ನಾನು ಬಚಾವು. ಆದರೆ ಅವನ ಆ ನಮಸ್ಕಾರ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಓಡಿಹೋಗಿ ಅವಳ ಎಡಗೈ ಹಿಡಿದು, ಜೋಗೇಶ್ವರಿಯಿಂದ ಹಿಡಿದು ಮೂರನೆಯ ಮುಚ್ಚಳದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

ಸುಗಂಧಿ ನನ್ನನ್ನು ನೋಡಿದಳು. ತಪ್ಪು ಉತ್ತರ ಬರೆದವನನ್ನು ನೋಡುವ ನೋಟವಲ್ಲ ಅದು; ಸರಿಯುತ್ತರ ಬರೆದ ಹುಡುಗನನ್ನು ಸುಮ್ಮಸುಮ್ಮನೆ ಬೆಂಚಿನ ಮೇಲೆ ನಿಲ್ಲಿಸಿದ ಟೀಚರು ತನ್ನ ತಪ್ಪನ್ನೇ ನೋಡಿಕೊಂಡಂತಿತ್ತು. "ಅವನಿಗೆ ಎಷ್ಟು ಬೈದಿದ್ದೇನೆ ಮಾರಾಯ್ರೆ," ಎಂದಷ್ಟೇ ಹೇಳಿ ಮುಂದೆ ನಡೆದಳು. ಯಾದವನ ಮುಂದೆ ನಿಂತು ತನ್ನ ಉಡುಪಿ ಹಿಂದಿಯಲ್ಲಿ, ಲಿಂಗವಚನಗಳನ್ನೆಲ್ಲ ಕಲಸಿ, ತಪ್ಪಾಯಿತು ಎಂದಳು. ಅವನು ನಾಚಿ ನೀರಾದ. ಸಾಹೇಬರು ಪ್ರತಿ ಸಲ ಒಂದು ಹೆಚ್ಚಿಗೆ ಹಾಕುವುದನ್ನು ತಾನು ನೋಡುತ್ತಲೇ ಇದ್ದೆನೆಂದೂ ಗಂಡಹೆಂಡಿರ ವಿಷಯದಲ್ಲಿ ತಾನು ಹೇಗೆ ಬಾಯಿ ಹಾಕುವುದೆಂದು ಸುಮ್ಮನಿದ್ದೆನೆಂದೂ ಹೇಳಿದ. ದಾವಲಸಾಬರು ಆಗ ತಡೆಯಲಾರದೆ ನಕ್ಕರು. ವ್ಯಾನಿನ ಹೆಂಗಸೂ ಏನು ವಿಷಯವೆಂದು ತಿಳಿಯದೆಯೇ ನಕ್ಕಳು. ಸುಗಂಧಿ ನಕ್ಕದ್ದು ಮನೆಗೆ ಬಂದ ಮೇಲೆ, ನನಗೆ ಶಿಕ್ಷೆ ನಿಶ್ಚಯಿಸಿಯಾದ ಮೇಲೆ.

ಅರವತ್ತಾರನೆಯ ವಯಸ್ಸಿನಲ್ಲಿ ನಾನು ಸ್ಕೂಟರ್ ಕಲಿಯಬೇಕು ಎಂಬುದೇ ಆ ಶಿಕ್ಷೆ. ಕಲಿಕೆಯ ಲೈಸೆನ್ಸನ್ನೂ ಮಾಡಿಸಿಯಾಯಿತು. ಅವಳ ಪ್ಲಾಸ್ಟರ್ ತೆಗೆದು ಕೈ ಸರಿಹೋದ ಮೇಲೂ ಶಿಕ್ಷೆ ರದ್ದಾಗಲಿಲ್ಲ. ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಬೆಳಗಿನ ಹೊತ್ತು ಕಾರುಗಳು ಹೊರಟುಹೋದ ಮೇಲೆ ನಾನು ಸುತ್ತು ಹಾಕುತ್ತಿದ್ದೆ, ಅವಳು ಪಕ್ಕದಲ್ಲಿ ನಡೆಯುತ್ತ ಕ್ಲಚ್ಚು, ಗೇರು ಎಂದು ಪಾಠ ಹೇಳುತ್ತಿದ್ದಳು. ಮೂರನೆಯ ವಾರ, ಇನ್ನು ಭಾರ ಹೊತ್ತು ಓಡಿಸಿ ಎಂದು ಅವಳೇ ಹಿಂದೆ ಹತ್ತಿ ಕೂತಳು. ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು.

ಮೆಲ್ಲಗೆ ಹೊರಟೆವು. ನೀರಿನ ಟ್ಯಾಂಕಿನ ತಿರುವಿನಲ್ಲಿ ಗಾಡಿ ತುಸು ವಾಲಿತು. ಅವಳ ಎರಡೂ ಕೈಗಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡವು, ಬಲಗೈಗೆ ನೋವಾಗಿರಬೇಕು, ಆದರೂ ಬಿಡಲಿಲ್ಲ. ನಾನು ಸಾವರಿಸಿಕೊಂಡು ನೇರ ದಾರಿಗೆ ಬಂದೆ. ಗೇಟಿನ ಹತ್ತಿರ ಬಂದಾಗ ನನ್ನ ಕಿವಿಯ ಬಳಿ ಅವಳ ಸಣ್ಣ ದನಿ ಕೇಳಿಸಿತು.

"ಇಲ್ಲಿ ಕೂತರೆ ಇಷ್ಟು ಹೆದರಿಕೆ ಆಗ್ತದಾ?"

ಮೊದಮೊದಲು ಆಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲವೆಂದು ತೋರುತ್ತದೆ, ಕೈ ಸಡಿಲಿಸಲಿಲ್ಲ. ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ, ನಡೆಯುವವರಿಗಿಂತಲೂ ನಿಧಾನವಾಗಿ, ಇನ್ನೊಂದು ಸುತ್ತಿಗೆ ಗಾಡಿ ತಿರುಗಿಸಿದೆ.