ತೋರಿಸದೆ ಬಿಟ್ಟ ಸಾವು

ಒಂದು ಕಾರ್ಟೂನಿನ ಮೇಲೆ ನನಗೆ ಅಷ್ಟು ಸಿಟ್ಟು ಬರಬಾರದಿತ್ತು. ಮೂವತ್ತು ದಾಟಿದ ಸ್ಕೂಲು ಮೇಷ್ಟ್ರು ನಾನು. ಆದರೂ ಅದರ ಕೊನೆಯ ಸೀಸನ್ನಿನ ನಾಲ್ಕನೇ ಕಂತು ಮುಗಿದಾಗ ಮೊಬೈಲನ್ನು ಮಂಚದ ಮೇಲೆ ಬಿಸಾಡಿದ್ದೆ.

ಗಾಳಿಯನ್ನು ಮುಷ್ಟಿಯಲ್ಲಿ ಹಿಡಿಯುವ ಹುಡುಗಿ, ಅವಳಿಗೆ ಆ ವಿದ್ಯೆ ಕಲಿಸಿದ ಕುಂಟ ಗುರು. ಕಥೆ ಇಷ್ಟೇ. ಆಂಧ್ರದ ಗಡಿಯಲ್ಲಿ, ತಾಯಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾವು ಅದನ್ನು ತೆಲುಗಿನಲ್ಲಿ ನೋಡಿ ಬೆಳೆದವರು. ಸಂಜೆ ಡೈರಿಗೆ ಹಾಲು ಹಾಕಿ ಬಂದರೆ ನಾನು, ತಂಗಿ, ಅಪ್ಪ ಮೂವರೂ ಟಿವಿ ಮುಂದೆ. ಅಪ್ಪನಿಗೆ ಗುರುವೇ ಅಚ್ಚುಮೆಚ್ಚು. "ಆ ಹುಡುಗೀದೇನಿದೆ, ಎಲ್ಲಾ ಮುದುಕಂದೇ ಕಣೋ" ಎನ್ನುತ್ತಿದ್ದರು. ತಂಗಿ ಮದುವೆಯಾಗಿ ಶ್ರೀನಿವಾಸಪುರದ ಕಡೆ ಹೋದ ಮೇಲೂ ಹೊಸ ಕಂತು ಬಂದಾಗ ಫೋನ್ ಮಾಡುವುದನ್ನು ತಪ್ಪಿಸಲಿಲ್ಲ.

ಈ ಕೊನೆಯ ಸೀಸನ್ನು ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿತ್ತು. ಮೊದಲೆರಡು ಕಂತು ಚಿನ್ನ. ಮೂರನೆಯದು ಬರೀ ಹೊಡೆದಾಟ. ನಾಲ್ಕನೆಯದರ ಹೊತ್ತಿಗೆ ಗುರು ಸತ್ತೇ ಹೋಗಿದ್ದ. ಹೇಗೆ ಸತ್ತ, ಎಲ್ಲಿ, ಯಾರ ಎದುರಿಗೆ, ಒಂದನ್ನೂ ತೋರಿಸಲಿಲ್ಲ. ಹುಡುಗಿಯ ಕೈಯಲ್ಲಿ ಅವನ ಊರುಗೋಲಿತ್ತು, ಅಷ್ಟೇ.

ಆ ವಾರವೇ ಅಪ್ಪನಿಗೆ ಉಸಿರಾಟ ಕಷ್ಟವಾಗಿ ಕೋಲಾರದ ಆಸ್ಪತ್ರೆಗೆ ಸೇರಿಸಿದೆ. ಅದೇ ದಿನ ತಂಗಿಯ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಹುಳು ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುವುದು. ನಾಲ್ಕನೆಯದು ಕಳೆದರೆ ವಾರವಿಡೀ ಒಂದೇ ಸಮ ತಿಂದು ಆಮೇಲೆ ಗೂಡು ಕಟ್ಟುತ್ತವೆ. ಆ ವಾರ ಆಸ್ಪತ್ರೆಗೋ ಸಾವಿನ ಮನೆಗೋ ಹೋಗಿಬಂದವರು ಹುಳುಮನೆಗೆ ಕಾಲಿಡುವಂತಿಲ್ಲ. ಕೆಟ್ಟ ಸುದ್ದಿಯನ್ನೂ ಅಲ್ಲಿಗೆ ಒಯ್ಯುವುದಿಲ್ಲ, ಅದು ನಮ್ಮ ಕಡೆಯ ರೂಢಿ. ತಂಗಿಯ ಗಂಡ ಮಾಲೂರಿನ ಫ್ಯಾಕ್ಟರಿಗೆ ಹೋಗುವವನು. ಸೊಪ್ಪು ಹಾಕಲು ಅವಳೊಬ್ಬಳೇ.

"ಅವಳಿಗೆ ಹೇಳ್ಬೇಡ. ಹುಳ ಹಣ್ಣಾಗ್ಲಿ" ಎಂದರು ಅಪ್ಪ, ಆಕ್ಸಿಜನ್ ಮಾಸ್ಕ್ ಸರಿಸಿ. ಗೂಡು ಕಟ್ಟುವ ಹದಕ್ಕೆ ಬರಲಿ, ಆಮೇಲೆ ಹೇಳು ಎಂದು.

ಮರುದಿನ ಅವಳ ಫೋನ್ ಬಂತು. ನಾನು ವಾರ್ಡಿನ ಹೊರಗೆ ನಿಂತಿದ್ದೆ.

"ಅಣ್ಣ, ನೋಡಿದ್ಯಾ? ಇಷ್ಟು ವರ್ಷ ನೋಡ್ದೋರು ನಾವು, ಮುದುಕ ಸಾಯೋದನ್ನ ತೋರಿಸ್ಲೇ ಇಲ್ವಲ್ಲ. ಅಪ್ಪ ಏನಂದ್ರು?"

"ಅಪ್ಪ ಇನ್ನೂ ನೋಡಿಲ್ಲ. ತೋಟದ ಹತ್ರ ಹೋಗಿದಾರೆ."

"ತೋರಿಸ್ಬೇಡ ಬಿಡು. ಬೇಜಾರ್ ಮಾಡ್ಕೋತಾರೆ."

ಅರ್ಧ ಗಂಟೆ ಇಬ್ಬರೂ ಸೇರಿ ಕಥೆ ಬರೆದವರ ಜನ್ಮ ಜಾಲಾಡಿದೆವು. ನನ್ನ ದನಿಯೇ ಜೋರು. ತಿಳಿಯಬೇಕಾದವರಿಗೆ ತಿಳಿಸದೆ ಬಿಡುವುದು ಮೋಸ ಎಂದು ಕೂಡ ಹೇಳಿದೆ, ಅಪ್ಪನ ಔಷಧಿ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಬಾಗಿಲ ಕಡೆ ನೋಡಿ "ಅಮ್ಮಾಯಿ ವಚ್ಚಿಂದಾ?" ಎಂದರು. ಮಗಳು ಬಂದಳಾ ಎಂದು. ತೀರಾ ಅಕ್ಕರೆ ಉಕ್ಕಿದಾಗ ಅವರ ಬಾಯಲ್ಲಿ ತೆಲುಗೇ ಬರುತ್ತಿತ್ತು. ಮಧ್ಯಾಹ್ನ ಮತ್ತೆ ಕೇಳಿದರು. ಹೇಳಬೇಡ ಎಂದಿದ್ದ ಮನುಷ್ಯ ಮನಸ್ಸು ಬದಲಿಸಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಫೋನ್ ಜೇಬಿನಲ್ಲೇ ಇತ್ತು. ಇನ್ನು ಮೂರು ದಿನ ತಾನೇ, ಹುಳು ಹಣ್ಣಾದರೆ ನಾನೇ ಹೋಗಿ ಕರೆತಂದರಾಯಿತು ಎಂದುಕೊಂಡೆ.

"ದಾರೀಲಿದಾಳಪ್ಪ" ಎಂದೆ. ಅವರು ನಂಬಿದರು. ಆರನೇ ದಿನ ಬೆಳಿಗ್ಗೆ ತೀರಿಕೊಂಡರು.

ತಂಗಿ ಗಂಡನ ಜೊತೆ ಮುಳಬಾಗಿಲಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಆಟೋ ಹಿಡಿದು ಊರಿಗೆ ಬಂದಳು. ಅಪ್ಪ ಎಷ್ಟು ದಿನ ಆಸ್ಪತ್ರೆಯಲ್ಲಿದ್ದರೆಂದು ಬಂದವರು ಮಾತಾಡಿಕೊಳ್ಳುವಾಗಲೇ ಅವಳಿಗೆ ತಿಳಿದದ್ದು. ನನ್ನನ್ನು ನೋಡಿ "ಆರು ದಿನ" ಎಂದಳು. ಹೋಗಿ ಅಪ್ಪನ ಕಾಲ ಹತ್ತಿರ ಕೂತಳು. ಅವಳ ಹುಳುವಿಗೆ ಪಕ್ಕದ ಮನೆಯವರು ಸೊಪ್ಪು ಹಾಕಿದರು. ಗೂಡು ಚೆನ್ನಾಗಿಯೇ ಬಂತಂತೆ. ಅಷ್ಟು ಸುಲಭವಿತ್ತು. ಅವರನ್ನು ಮೊದಲೇ ಕೇಳಬಹುದೆಂದು ನನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಒಂದೂವರೆ ತಿಂಗಳ ಮೇಲೆ ಕೊನೆಯ ಕಂತು ಬಂತು. ಒಬ್ಬನೇ ನೋಡಿದೆ. ಹಾಳಾದ್ದು, ಇಡೀ ಸೀಸನ್ನಿನಲ್ಲಿ ಅದೇ ಚೆನ್ನಾಗಿತ್ತು. ಬಿಟ್ಟಿದ್ದ ಸಾವನ್ನು ಹಿಂದಕ್ಕೆ ಹೋಗಿ ಪೂರ್ತಿ ತೋರಿಸಿದ್ದರು. ತಂಗಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದಳು.

"ಕೊನೇ ಕಂತು ಬಂದಿದೆ" ಎಂದೆ.

"ಮುದುಕ ಸಾಯೋದು ತೋರಿಸಿದಾರಾ?"

"ತೋರಿಸಿದಾರೆ. ಆ ಹುಡುಗಿ ಪಕ್ಕದಲ್ಲೇ ಕೂತಿರ್ತಾಳೆ."

ಆಮೇಲೆ ಕೇಳಿದಳು. "ಅಪ್ಪ ನನ್ನ ಕೇಳಿದ್ರಾ, ಅಣ್ಣ?"

ಇಲ್ಲ ಎನ್ನುವುದು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಎರಡು ಸಲ ಕೇಳಿದ್ರು. ದಾರೀಲಿದಾಳೆ ಅಂದೆ."

"ಸೊಪ್ಪು ಹಾಕೋ ಹೊತ್ತಾಯ್ತು" ಎಂದು ಫೋನ್ ಇಟ್ಟಳು.